ಪಿಕಪ್ ವಾಹನದ ಹಿಂಭಾಗದ ಚಾಸಿ ಮತ್ತು ಕಮಾನು ಪಟ್ಟಿಗಳ ಬಲವರ್ಧನೆ: ಹಣ ಹಾಕುವ ಮುನ್ನ ತಿಳಿಯಬೇಕಾದ ಸಂಗತಿಗಳು

ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ ಭಾಗದ ಟೊಮ್ಯಾಟೊ ಬೆಳೆಗಾರರಿಗೆ ಪಿಕಪ್ ವಾಹನವು ಇಂದು ನೇಗಿಲು, ಸಿಂಪರಣಾ ಯಂತ್ರಗಳಷ್ಟೇ ಅಗತ್ಯವಾದ ಕೃಷಿ ಸಾಧನವಾಗಿದೆ. ರಾತ್ರಿ ಬಾಕ್ಸ್ ತುಂಬಿ ಬೆಳಗಿನ ಹರಾಜಿಗೆ ಮಾರುಕಟ್ಟೆ ಸೇರುವ ಹಣ್ಣು ಬಹುಪಾಲು ಬರುವುದು ಇದರಲ್ಲಿಯೇ. ಕೊಯ್ಲಿನ ಹಂಗಾಮು ಸಮೀಪಿಸುತ್ತಿದ್ದಂತೆ ವಾಹನಗಳು ಗ್ಯಾರೇಜಿಗೆ ಹೋಗುತ್ತವೆ. ಮಾಲೀಕರ ಕೋರಿಕೆ ಸಾಮಾನ್ಯವಾಗಿ ಒಂದೇ: ಹಿಂದೆ ಇನ್ನೆರಡು ಪಟ್ಟಿ ಸೇರಿಸಿ, ಚಾಸಿಗೆ ಎರಡೂ ಕಡೆ ಪ್ಲೇಟು ವೆಲ್ಡ್ ಮಾಡಿ.

ಬೇಸಾಯಶಾಸ್ತ್ರದವನಿಗೆ ಚಾಸಿಯ ಉಸಾಬರಿ ಏಕೆ ಎಂದು ಓದುಗರು ಕೇಳಬಹುದು. ಕ್ಷೇತ್ರೋತ್ಸವಗಳಲ್ಲಿ ಅಂಗಮಾರಿ ರೋಗದ ಬಗ್ಗೆ ಮಾತು ಮುಗಿದ ಮೇಲೆ, ಚಹಾ ಕುಡಿಯುವಾಗ ರೈತರು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ಅದಕ್ಕಿಂತ ಮುಖ್ಯವಾದ ಕಾರಣ ಬೇರೆ ಇದೆ. ಕೆಲವು ವರ್ಷಗಳ ಹಿಂದೆ, ನಮ್ಮ ಪ್ರಾತ್ಯಕ್ಷಿಕೆ ತಾಕಿನ ರೈತರೊಬ್ಬರ ಪಿಕಪ್ ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ ನಡುಮುರಿದು ನಿಂತಿತು. ಚಾಲಕರ ಕ್ಯಾಬಿನ್ ಹಾಗೂ ತೊಟ್ಟಿಯ ನಡುವೆ, ಎಡಗಡೆಯ ಚಾಸಿ ತೊಲೆ ಸಂಪೂರ್ಣ ಸೀಳಿತ್ತು. ಎರಡು ತಿಂಗಳ ಹಿಂದಷ್ಟೇ ಅದೇ ತೊಲೆಗೆ ದಪ್ಪ ಪ್ಲೇಟು ವೆಲ್ಡ್ ಮಾಡಿಸಲಾಗಿತ್ತು. ನಾನು ಬಗ್ಗಿ ನೋಡಿದಾಗ ಪ್ಲೇಟು ಹಾಗೆಯೇ ಗಟ್ಟಿಯಾಗಿ ಇತ್ತು. ಪ್ಲೇಟು ಎಲ್ಲಿ ಮುಗಿದಿತ್ತೋ ಸರಿಯಾಗಿ ಆ ವೆಲ್ಡ್ ಗೆರೆಯಲ್ಲಿ ಚಾಸಿ ಮುರಿದಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಬೇರೆ ವಾಹನ ಸಿಕ್ಕು ಹಣ್ಣು ಮಾರುಕಟ್ಟೆ ತಲುಪುವಷ್ಟರಲ್ಲಿ ಹರಾಜು ಮುಗಿದಿತ್ತು; ಆ ವಾರದ ಕೊಯ್ಲಿನ ಹಣ ದುರಸ್ತಿಗೇ ಹೋಯಿತು.

ಆ ಘಟನೆಯ ನಂತರ ಕೃಷಿ ಇಂಜಿನಿಯರಿಂಗ್ ವಿಭಾಗದ ಸಹೋದ್ಯೋಗಿಗಳಿಂದಲೂ, ಅನುಭವಿ ಮೆಕ್ಯಾನಿಕ್‌ಗಳಿಂದಲೂ ಕೇಳಿ ತಿಳಿದುದನ್ನು ಇಲ್ಲಿ ವಿವರಿಸಲಾಗಿದೆ. ಒಂದು ವಿಷಯವನ್ನು ಆರಂಭದಲ್ಲಿಯೇ ಸ್ಪಷ್ಟಪಡಿಸುವುದು ಉಚಿತ. ಪಟ್ಟಿ ಸೇರಿಸುವುದರಿಂದ ವಾಹನದ ಹಿಂಭಾಗ ಎತ್ತರದಲ್ಲಿ ನಿಲ್ಲುತ್ತದೆ, ಅಷ್ಟೇ. ಅದರ ಭಾರ ಹೊರುವ ಸಾಮರ್ಥ್ಯ ಹೆಚ್ಚುವುದಿಲ್ಲ. ಆಕ್ಸಲ್, ಹಬ್ ಬೇರಿಂಗ್, ಟೈರು, ಬ್ರೇಕು, ಚಾಸಿ ಎಲ್ಲವೂ ಮೊದಲಿನವೇ ಆಗಿರುತ್ತವೆ. ತಗ್ಗಿದ ವಾಹನ ಇಷ್ಟು ದಿನ ಕೊಡುತ್ತಿದ್ದ ಎಚ್ಚರಿಕೆ ಮಾತ್ರ ಕಣ್ಣಿಗೆ ಕಾಣದಂತಾಗುತ್ತದೆ.

ಮೊದಲು ತೂಕ ತಿಳಿಯಿರಿ

ಗ್ಯಾರೇಜಿಗೆ ಹೋಗುವ ಮುನ್ನ ವೇಬ್ರಿಜ್‌ಗೆ ಹೋಗುವುದು ಲೇಸು. ನಮ್ಮ ರೈತರು ಹೊರೆಯನ್ನು ಬಾಕ್ಸ್ ಲೆಕ್ಕದಲ್ಲಿ ಹೇಳುತ್ತಾರೆ, ಕಿಲೋ ಲೆಕ್ಕದಲ್ಲಿ ಹೇಳುವುದು ಅಪರೂಪ. ಕೋಲಾರ ಮಾರುಕಟ್ಟೆಯ ಬಾಕ್ಸ್‌ನಲ್ಲಿ 15 ಕಿಲೋ ಹಣ್ಣು ಇರುತ್ತದೆ. ಪ್ಲಾಸ್ಟಿಕ್ ಬಾಕ್ಸ್‌ನ ತೂಕ ಸುಮಾರು ಒಂದೂವರೆ ಕಿಲೋ ಎಂದು ಹಿಡಿದರೆ ಒಟ್ಟು 16.5 ಕಿಲೋ ಆಯಿತು. ನೋಂದಣಿ ಪತ್ರದಲ್ಲಿ ಎರಡು ಅಂಕಿಗಳಿರುತ್ತವೆ: ಖಾಲಿ ವಾಹನದ ತೂಕ ಮತ್ತು ಹೊರೆ ಸಹಿತ ಗರಿಷ್ಠ ತೂಕ. ಇವುಗಳ ವ್ಯತ್ಯಾಸವೇ ನೀವು ಹೇರಬಹುದಾದ ಭಾರ. ಆ ವ್ಯತ್ಯಾಸ 1,500 ಕಿಲೋ ಎಂದು ಇಟ್ಟುಕೊಳ್ಳೋಣ. ಚಾಲಕ ಮತ್ತು ಜೊತೆಯಲ್ಲಿ ಒಬ್ಬರು ಸೇರಿ 130 ಕಿಲೋ. ತೊಟ್ಟಿಯ ಎತ್ತರ ಹೆಚ್ಚಿಸಲು ನಂತರ ಕಟ್ಟಿಸಿದ ಕಬ್ಬಿಣದ ಜಾಲರಿ, ಟಾರ್ಪಾಲು, ಹಗ್ಗ ಇತ್ಯಾದಿ ಸೇರಿ 100 ಕಿಲೋ. ಉಳಿದದ್ದು 1,270 ಕಿಲೋ, ಅಂದರೆ 76 ಬಾಕ್ಸ್. ಇದೇ ವಾಹನದಲ್ಲಿ 120 ಬಾಕ್ಸ್ ಹೇರಿದರೆ ಬಾಕ್ಸ್‌ಗಳ ತೂಕವೇ 1,980 ಕಿಲೋ ಆಗುತ್ತದೆ. ಇದು ಮಿತಿಗಿಂತ 710 ಕಿಲೋ ಹೆಚ್ಚು. ಯಾವ ಕಮಾನು ಪಟ್ಟಿಯೂ ಈ ಲೆಕ್ಕವನ್ನು ಬದಲಾಯಿಸದು.

ವೇಬ್ರಿಜ್‌ನಲ್ಲಿ ಇನ್ನೊಂದು ತೂಕವನ್ನೂ ತೆಗೆಸಬೇಕು. ಹೊರೆ ತುಂಬಿದ ವಾಹನದ ಹಿಂದಿನ ಚಕ್ರಗಳು ಮಾತ್ರ ತಟ್ಟೆಯ ಮೇಲಿರುವಂತೆ ನಿಲ್ಲಿಸಿ ತೂಗಿದರೆ ಹಿಂದಿನ ಆಕ್ಸಲ್ ಮೇಲೆ ಬಿದ್ದಿರುವ ಭಾರ ತಿಳಿಯುತ್ತದೆ. ಅದನ್ನು ಟೈರಿನ ಸಾಮರ್ಥ್ಯದೊಡನೆ ಹೋಲಿಸಿರಿ. ಟೈರಿನ ಪಕ್ಕೆಯಲ್ಲಿ ಅಳತೆಯ ನಂತರ ಬರೆದಿರುವ ಸಂಖ್ಯೆ ಭಾರದ ಸೂಚ್ಯಂಕ. 100 ಎಂದಿದ್ದರೆ ಒಂದು ಟೈರು 800 ಕಿಲೋ, 104 ಎಂದಿದ್ದರೆ 900 ಕಿಲೋ, 108 ಎಂದಿದ್ದರೆ 1,000 ಕಿಲೋ ಹೊರಬಲ್ಲದು. ಅದೂ ನಿಗದಿತ ಗಾಳಿ ಇದ್ದಾಗ ಮಾತ್ರ. ನಾನು ಮಾತನಾಡಿಸಿದ ಚಾಲಕರಲ್ಲಿ ಹೆಚ್ಚಿನವರು ಈ ಸಂಖ್ಯೆಯನ್ನು ಗಮನಿಸಿಯೇ ಇರಲಿಲ್ಲ.

ಭಾರ ಎಷ್ಟು ಎಂಬುದರಷ್ಟೇ ಮುಖ್ಯವಾದುದು ಅದು ಎಲ್ಲಿದೆ ಎಂಬುದು. ಎತ್ತಿನ ಗಾಡಿ ಹೂಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಾಡಿ ಹಿಂಭಾರವಾದರೆ ನೊಗ ಮೇಲೇಳುತ್ತದೆ, ಎತ್ತಿನ ಕೊರಳು ಬಿಗಿಯುತ್ತದೆ. ಪಿಕಪ್‌ನಲ್ಲಿ ನೊಗದ ಜಾಗದಲ್ಲಿ ಮುಂದಿನ ಚಕ್ರಗಳಿವೆ. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವಣ ಅಂತರ 3 ಮೀಟರ್ ಇರುವ ವಾಹನದಲ್ಲಿ, ಹಿಂದಿನ ಆಕ್ಸಲ್‌ನಿಂದ 90 ಸೆಂ.ಮೀ. ಆಚೆಗೆ 20 ಬಾಕ್ಸ್, ಅಂದರೆ 330 ಕಿಲೋ ಇಟ್ಟರೆ, ಹಿಂದಿನ ಆಕ್ಸಲ್ ಮೇಲೆ ಬೀಳುವುದು 330 ಅಲ್ಲ, ಸುಮಾರು 430 ಕಿಲೋ. ಹೆಚ್ಚಿನ 100 ಕಿಲೋ ಮುಂದಿನ ಚಕ್ರಗಳಿಂದ ಎತ್ತಲ್ಪಟ್ಟು ಹಿಂದಕ್ಕೆ ಬಂದಿರುತ್ತದೆ. ಸ್ಟೇರಿಂಗ್ ಹಗುರವಾಗಿ ವಾಹನ ತಿರುವಿನಲ್ಲಿ ಮಾತು ಕೇಳದಿರಲು ಇದೇ ಕಾರಣ. ಹಿಂಬಾಗಿಲನ್ನು ಅಡ್ಡಕ್ಕೆ ಬಿಟ್ಟು ಅದರ ಮೇಲೂ ಬಾಕ್ಸ್ ಜೋಡಿಸುವ ಅಭ್ಯಾಸವು ಚಾಸಿಯ ಹಿಂಭಾಗಕ್ಕೆ ಮಾಡುವಷ್ಟು ಕೆಡುಕನ್ನು ಬೇರಾವುದೂ ಮಾಡುವುದಿಲ್ಲ. ಸಿಂಪರಣೆಗೆ 1,000 ಲೀಟರ್ ನೀರಿನ ಟ್ಯಾಂಕ್ ಸಾಗಿಸುವವರು ಅದನ್ನು ಕ್ಯಾಬಿನ್ ಕಡೆಗೆ, ಹಿಂದಿನ ಆಕ್ಸಲ್‌ಗಿಂತ ಮುಂದಕ್ಕೆ ಇಟ್ಟು ಬಿಗಿಯಬೇಕು. ಅರ್ಧ ತುಂಬಿದ ಟ್ಯಾಂಕಿನ ನೀರು ಬ್ರೇಕ್ ಹಾಕಿದಾಗ ಮುಂದಕ್ಕೂ, ಏರಿನಲ್ಲಿ ಹಿಂದಕ್ಕೂ ನುಗ್ಗುತ್ತದೆ ಎಂಬುದನ್ನು ಮರೆಯಬಾರದು.

ಕಮಾನು ಪಟ್ಟಿ ಸೇರಿಸಿದಾಗ ಏನಾಗುತ್ತದೆ

ಲೀಫ್ ಸ್ಪ್ರಿಂಗ್ ಎಂದರೆ ಉದ್ದ ಕಡಿಮೆಯಾಗುತ್ತ ಹೋಗುವ ಉಕ್ಕಿನ ಪಟ್ಟಿಗಳ ಕಟ್ಟು. ನಡುವೆ ಸೆಂಟರ್ ಬೋಲ್ಟ್ ಇವುಗಳನ್ನು ಹಿಡಿದಿರುತ್ತದೆ, ಯು ಬೋಲ್ಟ್‌ಗಳು ಆಕ್ಸಲ್‌ಗೆ ಬಿಗಿಯುತ್ತವೆ. ಮುಂದಿನ ತುದಿ ಚಾಸಿಗೆ ಪಿನ್ನಿನಿಂದ ಜೋಡಣೆಯಾಗಿದ್ದು, ಹಿಂದಿನ ತುದಿ ತೂಗಾಡುವ ಶ್ಯಾಕಲ್ ಮೂಲಕ ಸೇರಿರುತ್ತದೆ. ಭಾರ ಬಿದ್ದಾಗ ಕಮಾನು ನೇರವಾಗುತ್ತದೆ, ಹಳ್ಳ ಬಂದಾಗ ಆಘಾತವನ್ನು ಬಾಗಿ ನುಂಗುತ್ತದೆ. ಬಾಗುವುದೇ ಅದರ ಕೆಲಸ. ಬಾಗದ ಕಮಾನು ಆಘಾತವನ್ನು ನೇರವಾಗಿ ಚಾಸಿಗೆ ದಾಟಿಸುತ್ತದೆ.

ಎಂಟು ಪಟ್ಟಿಗಳ ಕಟ್ಟಿಗೆ ಅದೇ ದಪ್ಪದ ಒಂದು ಪಟ್ಟಿ ಸೇರಿಸಿದರೆ ಬಿಗಿತ ಹೆಚ್ಚುಕಡಿಮೆ ಎಂಟನೇ ಒಂದು ಪಾಲು ಏರುತ್ತದೆ. ದಪ್ಪ ಹೆಚ್ಚಿಸಿದರೆ ಲೆಕ್ಕ ಬೇರೆಯೇ ಆಗುತ್ತದೆ. ಪಟ್ಟಿಯ ಬಿಗಿತವು ಅದರ ದಪ್ಪದ ಘನಕ್ಕೆ ಅನುಗುಣವಾಗಿ ಏರುವುದರಿಂದ, 8 ಮಿ.ಮೀ. ಪಟ್ಟಿಯ ಜಾಗದಲ್ಲಿ ಲಾರಿಯ 10 ಮಿ.ಮೀ. ಪಟ್ಟಿ ಕೂರಿಸಿದರೆ ಅದೊಂದರ ಬಿಗಿತ ಇಮ್ಮಡಿಯಾಗುತ್ತದೆ. ಮತ್ತೊಂದು ತೊಡಕೂ ಇದೆ. ಒಂದೇ ಪ್ರಮಾಣದಲ್ಲಿ ಬಾಗಿದಾಗ ತೆಳು ಪಟ್ಟಿಗಿಂತ ದಪ್ಪ ಪಟ್ಟಿಯ ಮೈಯಲ್ಲಿ ಒತ್ತಡ ಹೆಚ್ಚು. ಆದ್ದರಿಂದ ಬಲಕ್ಕೆಂದು ಹಾಕಿಸಿದ ದಪ್ಪ ಪಟ್ಟಿಯೇ ಕಟ್ಟಿನಲ್ಲಿ ಮೊದಲು ಮುರಿಯುವುದುಂಟು. ಗುಜರಿ ಅಂಗಡಿಯಿಂದ ತಂದ ಹಳೆಯ ಪಟ್ಟಿಗಳನ್ನು ಸೇರಿಸುವವರು ಇದನ್ನು ಗಮನಿಸಬೇಕು.

ಬಿಗಿತ ಏರಿದಂತೆ ಹಣ್ಣಿಗೆ ಬೀಳುವ ಪೆಟ್ಟೂ ಏರುತ್ತದೆ. ನನ್ನ ವಿಷಯಕ್ಕೆ ಸಮೀಪದ್ದು ಇದೇ ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಹೊರೆಯ ಭಾರಕ್ಕೆ ಕಮಾನು 9 ಸೆಂ.ಮೀ. ಬಾಗುವ ವಾಹನದ ತೊಟ್ಟಿ ಸೆಕೆಂಡಿಗೆ ಸುಮಾರು 1.7 ಬಾರಿ ಮೇಲೆ ಕೆಳಗೆ ತೂಗುತ್ತದೆ. 4 ಸೆಂ.ಮೀ. ಮಾತ್ರ ಬಾಗುವಷ್ಟು ಬಿಗಿಗೊಳಿಸಿದರೆ ಅದು 2.5 ಬಾರಿಗೆ ಏರಿ, ತೂಗುವಿಕೆ ಕುಲುಕಾಟವಾಗುತ್ತದೆ. ಒಂದರ ಮೇಲೊಂದು ಜೋಡಿಸಿದ ಬಾಕ್ಸ್‌ಗಳಲ್ಲಿ ಕುಲುಕಾಟವು ಮೇಲಕ್ಕೆ ಹೋದಂತೆ ದೊಡ್ಡದಾಗುತ್ತದೆ. ಎಲ್ಲಕ್ಕಿಂತ ಮೇಲಿನ ಸಾಲಿನ ಹಣ್ಣು ಕುಣಿದು, ತಿರುಗಿ, ಒಂದಕ್ಕೊಂದು ಉಜ್ಜಿ ಸಿಪ್ಪೆ ಸವೆಯುತ್ತದೆ. ಕೆಳಗಿನ ಸಾಲಿನ ಹಣ್ಣು ಒತ್ತಡದಿಂದ ಕೆಟ್ಟರೆ ಮೇಲಿನದು ಅಲುಗಾಟದಿಂದ ಕೆಡುತ್ತದೆ. ಹರಾಜಿನ ಕಟ್ಟೆಯಲ್ಲಿ ವ್ಯಾಪಾರಿ ಮೊದಲು ನೋಡುವುದು ಮೇಲಿನ ಬಾಕ್ಸ್ ಎಂಬುದು ಎಲ್ಲರಿಗೂ ತಿಳಿದಿರುವ ವಿಚಾರ.

ಹಿಂತಿರುಗುವಾಗ ಖಾಲಿ ವಾಹನದ ಪಾಡು ಇನ್ನೂ ಕಷ್ಟ. ಬಿಗಿ ಕಮಾನಿನ ಮೇಲೆ ಖಾಲಿ ತೊಟ್ಟಿ ಜಿಗಿಯುತ್ತದೆ, ಹಿಂದಿನ ಚಕ್ರಗಳು ರಸ್ತೆಯನ್ನು ಬಿಟ್ಟುಬಿಟ್ಟು ಹಿಡಿಯುತ್ತವೆ. ಮಳೆಯಲ್ಲಿ ಬ್ರೇಕ್ ಹಾಕಿದಾಗ ವಾಹನದ ಹಿಂಭಾಗ ಪಕ್ಕಕ್ಕೆ ಜಾರುವುದು ಇದರಿಂದಲೇ.

ಬ್ರೇಕಿಗೆ ಸಂಬಂಧಿಸಿದ ಒಂದು ಅಂಶವನ್ನು ವಿಸ್ತರಣಾ ಕಾರ್ಯಕರ್ತರು ವಿಶೇಷವಾಗಿ ತಿಳಿಸಬೇಕೆಂದು ಕೋರುತ್ತೇನೆ. ಹಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ಗೂ ಚಾಸಿಗೂ ನಡುವೆ ಒಂದು ಸಣ್ಣ ಕಡ್ಡಿ ಅಥವಾ ಸ್ಪ್ರಿಂಗ್ ಜೋಡಣೆಯಾಗಿದ್ದು, ಅದು ಒಂದು ವಾಲ್ವ್‌ಗೆ ಸೇರಿರುತ್ತದೆ. ತೊಟ್ಟಿ ಎಷ್ಟು ತಗ್ಗಿದೆ ಎಂಬುದರಿಂದ ಈ ವಾಲ್ವ್ ಹೊರೆಯನ್ನು ಅಂದಾಜಿಸಿ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಕೊಡಬೇಕೆಂದು ನಿರ್ಧರಿಸುತ್ತದೆ. ಪಟ್ಟಿ ಸೇರಿಸಿ ಹಿಂಭಾಗ ಎತ್ತರಿಸಿದಾಗ, ಹೊರೆ ತುಂಬಿದ್ದರೂ ವಾಲ್ವ್‌ಗೆ ವಾಹನ ಖಾಲಿಯಂತೆ ಕಾಣುತ್ತದೆ. ಅದು ಹಿಂದಿನ ಬ್ರೇಕನ್ನು ಕಡಿಮೆ ಮಾಡುತ್ತದೆ. ಅತಿ ಹೆಚ್ಚು ಭಾರ ಇರುವಾಗಲೇ ಬ್ರೇಕು ಅತಿ ಕಡಿಮೆ ಸಿಗುವ ಸ್ಥಿತಿ ಇದು. ಕಮಾನಿನ ಕೆಲಸ ಏನೇ ಆದರೂ ಈ ವಾಲ್ವನ್ನು ತಯಾರಕರ ಅಳತೆಗೆ ಮರುಹೊಂದಿಸದೆ ವಾಹನವನ್ನು ಗ್ಯಾರೇಜಿನಿಂದ ಹೊರತರಕೂಡದು.

ಚಾಸಿ ಎಲ್ಲಿ, ಏಕೆ ಬಿರುಕುಬಿಡುತ್ತದೆ

ಪಿಕಪ್‌ನ ಚಾಸಿಯು ಏಣಿಯಂತಿದೆ. ಎರಡು ಉದ್ದ ತೊಲೆಗಳು, ಅವುಗಳನ್ನು ಹಿಡಿದ ಅಡ್ಡತೊಲೆಗಳು. ಉದ್ದ ತೊಲೆಯ ಮೇಲಂಚು ಮತ್ತು ಕೆಳಂಚುಗಳು ಭಾರದ ಹೆಚ್ಚಿನ ಪಾಲನ್ನು ಹೊರುತ್ತವೆ. ನಡುವಿನ ನಿಂತ ಗೋಡೆಯ ಮಧ್ಯಭಾಗದಲ್ಲಿ ಬಾಗುವಿಕೆಯ ಒತ್ತಡ ಅತ್ಯಲ್ಪ. ಈ ಒಂದು ಸಂಗತಿಯನ್ನು ನೆನಪಿಟ್ಟರೆ ಮುಂದಿನ ಸಲಹೆಗಳೆಲ್ಲ ಸುಲಭವಾಗಿ ಅರ್ಥವಾಗುತ್ತವೆ.

ತಂತಿಯೊಂದನ್ನು ಒಂದೇ ಕಡೆ ಹಿಂದೆ ಮುಂದೆ ಬಗ್ಗಿಸಿದರೆ ಕೊನೆಗೆ ಅದು ತುಂಡಾಗುತ್ತದೆ. ಒಮ್ಮೆ ಬಗ್ಗಿಸಿದಾಗ ಮುರಿಯದ ಲೋಹ ಸಾವಿರಾರು ಬಾರಿ ಬಗ್ಗಿದಾಗ ದಣಿದು ಮುರಿಯುವುದನ್ನು ಇಂಜಿನಿಯರುಗಳು ಲೋಹದ ದಣಿವು ಎನ್ನುತ್ತಾರೆ. ವೆಲ್ಡ್ ಇರುವ ಜಾಗಗಳಲ್ಲಿ ಈ ದಣಿವು ಬೇಗ ಬರುತ್ತದೆ. ಸ್ಥೂಲ ಲೆಕ್ಕದಲ್ಲಿ ಹೇಳುವುದಾದರೆ, ವೆಲ್ಡ್ ಬಳಿಯ ಒತ್ತಡ ಕಾಲು ಭಾಗ ಏರಿದರೆ ಅದರ ಆಯುಷ್ಯ ಅರ್ಧವಾಗುತ್ತದೆ, ಒತ್ತಡ ಇಮ್ಮಡಿಸಿದರೆ ಎಂಟನೇ ಒಂದಕ್ಕೆ ಇಳಿಯುತ್ತದೆ. ಹತ್ತು ವರ್ಷ ಬಾಳಬೇಕಾದ ಜೋಡಣೆ ಒಂದೆರಡು ಹಂಗಾಮಿನಲ್ಲಿ ಬಿಟ್ಟುಕೊಳ್ಳುವುದು ಹೀಗೆ. ಇಷ್ಟು ದಿನ ಏನೂ ಆಗಿಲ್ಲ ಎಂಬ ಮಾತು ಚಾಸಿಯ ಮಟ್ಟಿಗೆ ಧೈರ್ಯ ಕೊಡುವ ಮಾತಲ್ಲ.

ಬಿರುಕು ಹುಡುಕಬೇಕಾದ ಜಾಗಗಳು ಕೆಲವೇ: ಕ್ಯಾಬಿನ್ ಮತ್ತು ತೊಟ್ಟಿಯ ನಡುವಿನ ಭಾಗ, ಹಿಂದಿನ ಕಮಾನಿನ ಮುಂದಿನ ಪಿನ್ ಹಿಡಿದಿರುವ ಬ್ರಾಕೆಟ್ ಸುತ್ತ, ಶ್ಯಾಕಲ್ ಬ್ರಾಕೆಟ್, ಅಡ್ಡತೊಲೆ ಸೇರುವ ಮೂಲೆಗಳು, ಯಾರೋ ನಂತರ ಕೊರೆದ ತೂತುಗಳು, ಮತ್ತು ಹಳೆಯ ವೆಲ್ಡ್ ಪ್ಲೇಟಿನ ತುದಿಗಳು. ಕೆಸರು ತೊಳೆದು ಒಣಗಿಸಿ ನೋಡಿರಿ. ಬಣ್ಣದ ಮೇಲೆ ಕೂದಲೆಳೆಯಷ್ಟು ಗೆರೆ, ಅದರಿಂದ ಇಳಿದ ತುಕ್ಕಿನ ಕಂದು ಕಲೆ ಕಂಡರೆ ಅನುಮಾನಿಸಿ. ಖಚಿತಪಡಿಸಿಕೊಳ್ಳಲು ಹಳೆಯ, ಸುಲಭದ ವಿಧಾನವೊಂದಿದೆ. ಆ ಜಾಗದ ಬಣ್ಣ ತೆಗೆದು ಸೀಮೆಎಣ್ಣೆ ಹಚ್ಚಿ ಹದಿನೈದು ನಿಮಿಷ ಬಿಟ್ಟು, ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿರಿ. ಬಿರುಕಿನೊಳಗೆ ಉಳಿದ ಎಣ್ಣೆ ಸುಣ್ಣಕ್ಕೆ ಹೀರಿ ಬಿರುಕು ಎಲ್ಲಿಯವರೆಗಿದೆ ಎಂಬುದನ್ನು ಗೆರೆಯಾಗಿ ತೋರಿಸುತ್ತದೆ. ಬೆಂಕಿಯಿಂದ ದೂರದಲ್ಲಿ, ಎಂಜಿನ್ ತಣ್ಣಗಿರುವಾಗ ಮಾತ್ರ ಇದನ್ನು ಮಾಡತಕ್ಕದ್ದು.

ಕೃಷಿಯ ವಾಹನಗಳಿಗೆ ಇನ್ನೊಂದು ಶತ್ರುವಿದೆ, ಗೊಬ್ಬರ. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂಬುದು ಪೊಟ್ಯಾಸಿಯಂ ಕ್ಲೋರೈಡ್. ಅಡುಗೆ ಉಪ್ಪಿನಂತೆಯೇ ಅದು ಕಬ್ಬಿಣವನ್ನು ತಿನ್ನುತ್ತದೆ. ಯೂರಿಯಾ ಗಾಳಿಯ ತೇವವನ್ನು ಎಳೆದುಕೊಂಡು ಅಂಟಾಗಿ ಕೂರುತ್ತದೆ. ಹಸಿ ಕೊಟ್ಟಿಗೆ ಗೊಬ್ಬರದ ರಸ ಹಲಗೆಗಳ ಸಂದಿನಿಂದ ಇಳಿದು ಚಾಸಿಯ ಮೇಲಂಚಿನಲ್ಲಿ ನಿಲ್ಲುತ್ತದೆ. ಗೊಬ್ಬರ ಸಾಗಿಸಿದ ದಿನವೇ ತೊಟ್ಟಿಯ ಕೆಳಭಾಗವನ್ನು ನೀರಿನಿಂದ ತೊಳೆಯುವುದು, ಪೆಟ್ಟಿಗೆಯಾಕಾರದ ತೊಲೆಗಳಲ್ಲಿ ನೀರು ಹೋಗಲು ಬಿಟ್ಟಿರುವ ರಂಧ್ರಗಳಲ್ಲಿ ಮಣ್ಣು ಕಟ್ಟದಂತೆ ನೋಡಿಕೊಳ್ಳುವುದು ಖರ್ಚಿಲ್ಲದ ಬಲವರ್ಧನೆ. ತುಕ್ಕಿನಿಂದ ಅಂಚು ತೆಳುವಾದ ಚಾಸಿಗೆ ಪ್ಲೇಟು ಹಾಕಿಸುವುದು ವ್ಯರ್ಥ, ಏಕೆಂದರೆ ವೆಲ್ಡ್ ಹಿಡಿಯಲು ಅಲ್ಲಿ ಲೋಹವೇ ಉಳಿದಿರುವುದಿಲ್ಲ.

ಚಾಸಿಯ ದುರಸ್ತಿ ಮತ್ತು ಬಲಪಡಿಸುವ ಕ್ರಮ

ಮೊದಲಿಗೆ, ಬಿರುಕಿಲ್ಲದ ಚಾಸಿಗೆ ಮುಂಜಾಗ್ರತೆಯೆಂದು ಪ್ಲೇಟು ವೆಲ್ಡ್ ಮಾಡಿಸಬೇಡಿರಿ. ತೊಲೆಯ ಒಂದು ಭಾಗ ಅತಿ ಗಟ್ಟಿಯಾದರೆ ಬಾಗುವಿಕೆಯೆಲ್ಲ ಅದರ ಪಕ್ಕದ ಮೆದುಭಾಗಕ್ಕೆ ಸರಿಯುತ್ತದೆ. ನಾನು ಆರಂಭದಲ್ಲಿ ಹೇಳಿದ ವಾಹನದಲ್ಲಿ ನಡೆದದ್ದು ಇದೇ. ಆ ಪ್ಲೇಟನ್ನು ಚೌಕಾಕಾರದಲ್ಲಿ ಕತ್ತರಿಸಿ ಸುತ್ತಲೂ ವೆಲ್ಡ್ ಎಳೆಯಲಾಗಿತ್ತು. ತೊಲೆಯ ಕೆಳಂಚಿಗೆ ಅಡ್ಡಲಾಗಿ ಬಿದ್ದ ಆ ಒಂದು ವೆಲ್ಡ್ ಗೆರೆಯೇ ಬಿರುಕಿಗೆ ದಾರಿ ಮಾಡಿಕೊಟ್ಟಿತು.

ಬಿರುಕು ಇದ್ದಾಗ ದುರಸ್ತಿ ಅನಿವಾರ್ಯ. ಅದಕ್ಕೂ ಮುನ್ನ ಅಧಿಕೃತ ಸರ್ವೀಸ್ ಕೇಂದ್ರದಲ್ಲಿ ನಿಮ್ಮ ಮಾದರಿಯ ಚಾಸಿಗೆ ವೆಲ್ಡಿಂಗ್ ಅನುಮತಿಸಲಾಗಿದೆಯೇ ಎಂದು ಕೇಳಬೇಕು. ಕೆಲವು ಚಾಸಿಗಳ ಉಕ್ಕು ಶಾಖ ತಗುಲಿದರೆ ಬಲ ಕಳೆದುಕೊಳ್ಳುತ್ತದೆ. ಅನುಮತಿ ಇದ್ದಲ್ಲಿ ಕೆಲಸ ಈ ಕ್ರಮದಲ್ಲಿ ನಡೆಯಬೇಕು. ಹೊರೆ ಇಳಿಸಿ, ಚಾಸಿಯನ್ನು ಜಾಕ್‌ಗಳ ಮೇಲೆ ನಿಲ್ಲಿಸಿ, ಬಿರುಕು ಬಾಯಿಬಿಡದಂತೆ ತೊಲೆಯನ್ನು ನೇರಕ್ಕೆ ತರಬೇಕು. ಬ್ಯಾಟರಿಯ ತಂತಿಗಳನ್ನೂ, ಎಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯ ಪ್ಲಗ್ಗುಗಳನ್ನೂ ಕಳಚಬೇಕು. ಇಲ್ಲವಾದರೆ ದುಬಾರಿ ಬೆಲೆಯ ಆ ಪೆಟ್ಟಿಗೆ ಸುಟ್ಟುಹೋದೀತು. ವೆಲ್ಡಿಂಗ್ ಯಂತ್ರದ ಅರ್ಥ್ ಹಿಡಿಕೆಯನ್ನು ಕೆಲಸದ ಜಾಗದ ಪಕ್ಕದಲ್ಲಿಯೇ ಹಾಕಬೇಕು. ದೂರದಲ್ಲಿ ಹಾಕಿದರೆ ವಿದ್ಯುತ್ತು ಹಬ್ ಬೇರಿಂಗುಗಳ ಮೂಲಕ ಹರಿದು ಅವನ್ನು ಕೆಡಿಸುತ್ತದೆ. ಡೀಸೆಲ್ ಟ್ಯಾಂಕ್ ಮತ್ತು ಬ್ರೇಕ್ ಪೈಪುಗಳು ಸಮೀಪದಲ್ಲಿದ್ದರೆ ಬಿಚ್ಚಿ ಬದಿಗಿಡಬೇಕು.

ಬಿರುಕಿನ ತುದಿಯಲ್ಲಿ 6ರಿಂದ 8 ಮಿ.ಮೀ. ರಂಧ್ರ ಕೊರೆಯುವುದರಿಂದ ಅದು ಮುಂದುವರಿಯುವುದು ನಿಲ್ಲುತ್ತದೆ. ಬಳಿಕ ಬಿರುಕಿನುದ್ದಕ್ಕೂ ಗ್ರೈಂಡರ್‌ನಿಂದ ಇಳಿಜಾರು ಕಾಲುವೆಯಂತೆ ತೋಡಿ, ತಳದಿಂದ ಮೇಲಿನವರೆಗೆ ವೆಲ್ಡ್ ತುಂಬಬೇಕು. ಮೇಲ್ಮೈಗೆ ಮಾತ್ರ ಒಂದು ಗೆರೆ ಎಳೆಯುವುದು ಗಾಯದ ಮೇಲೆ ಬಟ್ಟೆ ಮುಚ್ಚಿದಂತೆ. ಗೇಟು, ಕಿಟಕಿ ಗ್ರಿಲ್‌ಗಳಿಗೆ ಬಳಸುವ 6013 ರಾಡು ಇಲ್ಲಿಗೆ ತಕ್ಕದ್ದಲ್ಲ. 7018 ವರ್ಗದ, ತೇವ ತಾಕದ ಒಣ ರಾಡುಗಳೇ ಬೇಕು. ನಂತರ ವೆಲ್ಡಿನ ಉಬ್ಬನ್ನು ತೊಲೆಯ ಉದ್ದದ ದಿಕ್ಕಿನಲ್ಲಿ ಉಜ್ಜಿ ಸಮಮಾಡಬೇಕು.

ಬಲಪಡಿಸುವ ಪ್ಲೇಟಿನ ದಪ್ಪ ತೊಲೆಯ ದಪ್ಪಕ್ಕಿಂತ ಹೆಚ್ಚಿರಬಾರದು. ಅದು ಬಿರುಕಿನ ಎರಡೂ ಬದಿಗೆ ಸಾಕಷ್ಟು ಚಾಚಿರಬೇಕು, ತುದಿಗಳು ಈಟಿಯಂತೆ ಓರೆಯಾಗಿ ಮೊನೆಯಾಗಬೇಕು. ಹೀಗೆ ಮಾಡಿದಾಗ ಬಿಗಿತವು ಹಠಾತ್ತನೆ ಮುಗಿಯದೆ ಮೆಲ್ಲಗೆ ಇಳಿಯುತ್ತದೆ. ವೆಲ್ಡನ್ನು ಉದ್ದದ ಅಂಚುಗಳಲ್ಲಿ ಮಾತ್ರ ಹಾಕಿ, ತುದಿಗೆ ಒಂದು ಅಂಗುಲ ಮೊದಲೇ ನಿಲ್ಲಿಸಬೇಕು. ಸಾಧ್ಯವಿರುವಲ್ಲಿ ವೆಲ್ಡಿನ ಬದಲು 8.8 ಅಥವಾ 10.9 ದರ್ಜೆಯ ಬೋಲ್ಟುಗಳಿಂದ ನಿಂತ ಗೋಡೆಗೆ ಬಿಗಿಯುವುದು ಮೇಲು. ರಂಧ್ರಗಳನ್ನು ಡ್ರಿಲ್ಲಿನಿಂದಲೇ ಕೊರೆಯಬೇಕು, ಗ್ಯಾಸ್ ಕಟ್ಟರ್‌ನಿಂದ ಸುಟ್ಟು ಮಾಡಬಾರದು. ಮೇಲಂಚು ಕೆಳಂಚುಗಳಲ್ಲಿ ರಂಧ್ರ ಕೂಡದು. ತೊಟ್ಟಿಯನ್ನು ಚಾಸಿಗೆ ನೇರವಾಗಿ ವೆಲ್ಡ್ ಮಾಡಿಸುವುದೂ ಇದೇ ಕಾರಣಕ್ಕೆ ತಪ್ಪು. ಹೊಲದ ಬದು ದಾಟುವಾಗ ಚಾಸಿ ಸ್ವಲ್ಪ ತಿರುಚಿಕೊಳ್ಳಲೇಬೇಕು. ಅದಕ್ಕೆಂದೇ ತಯಾರಕರು ನಡುವೆ ರಬ್ಬರ್ ಅಥವಾ ಮರದ ಹಲಗೆ ಇಟ್ಟು ಬೋಲ್ಟು ಬಿಗಿದಿರುತ್ತಾರೆ. ಕೆಲಸ ಮುಗಿದ ಮೇಲೆ ಪ್ಲೇಟು ಮತ್ತು ತೊಲೆಯ ಸಂದಿಗೆ ತುಕ್ಕು ನಿರೋಧಕ ಬಣ್ಣ ಹೋಗುವಂತೆ ನೋಡಿಕೊಳ್ಳಿರಿ.

ಕಮಾನು ಪಟ್ಟಿಗೆ, ಆಕ್ಸಲ್‌ಗೆ ವೆಲ್ಡಿಂಗ್ ಎಂದಿಗೂ ಸಲ್ಲದು. ವೆಲ್ಡಿಂಗ್ ಕಿಡಿ ಪಟ್ಟಿಯ ಮೇಲೆ ಬಿದ್ದ ಕಲೆಯೂ ಮುಂದೊಂದು ದಿನ ಬಿರುಕಿನ ಬೀಜವಾಗುತ್ತದೆ. ಆದ್ದರಿಂದ ಒದ್ದೆ ಗೋಣಿಚೀಲದಿಂದ ಪಟ್ಟಿಗಳನ್ನು ಮುಚ್ಚಿ ಕೆಲಸ ಮಾಡಿಸಬೇಕು.

ಯಾವ ಖರ್ಚು ಸಾರ್ಥಕ

ತಗ್ಗಿದ ವಾಹನಗಳಲ್ಲಿ ಎಷ್ಟೋ ಬಾರಿ ಬೇಕಾಗಿರುವುದು ಬಲವರ್ಧನೆಯಲ್ಲ, ಸವೆದ ಭಾಗಗಳ ಬದಲಾವಣೆ. ಖಾಲಿ ನಿಂತಾಗಲೂ ಕಮಾನು ಚಪ್ಪಟೆಯಾಗಿದ್ದರೆ ಎರಡೂ ಬದಿಯ ಪಟ್ಟಿ ಕಟ್ಟನ್ನು ಅದೇ ಮಾದರಿಯ ಹೊಸ ಕಟ್ಟಿನಿಂದ ಬದಲಾಯಿಸುವುದು ಒಳ್ಳೆಯದು. ಒಂದೇ ಬದಿ ಬದಲಾಯಿಸಿದರೆ ವಾಹನ ವಾಲುತ್ತದೆ. ಹಳೆಯ ಪಟ್ಟಿಯನ್ನು ಕುಲುಮೆಯಲ್ಲಿ ಕಾಯಿಸಿ ಬಗ್ಗಿಸಿ ಮತ್ತೆ ಹಾಕುವುದು ಅಗ್ಗವೆನಿಸಿದರೂ ಬಾಳಿಕೆ ಬರುವುದಿಲ್ಲ. ಸ್ಪ್ರಿಂಗ್ ಉಕ್ಕನ್ನು ಸುಮಾರು 850 ಡಿಗ್ರಿಗೆ ಕಾಯಿಸಿ ಎಣ್ಣೆಯಲ್ಲಿ ತಣಿಸಿ, ಮತ್ತೆ 450ರಿಂದ 500 ಡಿಗ್ರಿಯಲ್ಲಿ ಹದಗೊಳಿಸಿದಾಗ ಮಾತ್ರ ಅದಕ್ಕೆ ಸ್ಪ್ರಿಂಗಿನ ಗುಣ ಬರುತ್ತದೆ. ಕಣ್ಣಂದಾಜಿನ ಕುಲುಮೆಯಲ್ಲಿ ಪಟ್ಟಿ ಒಂದೋ ಮೆತ್ತಗಾಗಿ ವಾರದಲ್ಲಿ ಮತ್ತೆ ತಗ್ಗುತ್ತದೆ, ಇಲ್ಲವೇ ಗಾಜಿನಂತೆ ತುಂಡಾಗುತ್ತದೆ.

ಬುಷ್, ಶ್ಯಾಕಲ್ ಪಿನ್, ಶಾಕ್ ಅಬ್ಸಾರ್ಬರ್‌ಗಳಿಗೆ ಹಾಕುವ ಹಣ ಹಣ್ಣಿನ ಗುಣಮಟ್ಟದಲ್ಲಿ ಮರಳಿ ಬರುತ್ತದೆ. ಎಣ್ಣೆ ಸೋರಿದ ಶಾಕ್ ಅಬ್ಸಾರ್ಬರ್ ಇದ್ದರೆ ಒಂದು ಹಳ್ಳಕ್ಕೆ ತೊಟ್ಟಿ ನಾಲ್ಕಾರು ಬಾರಿ ಕುಣಿಯುತ್ತದೆ. ಅನುಮತಿಸಿದ ಮಿತಿಯೊಳಗಿನ ಭಾರಕ್ಕೂ ಹಿಂಭಾಗ ತಗ್ಗುತ್ತದೆ ಎನ್ನುವವರಿಗೆ, ತಯಾರಕರೇ ಆ ಮಾದರಿಗೆ ಕೊಡುವ ಹೆಲ್ಪರ್ ಪಟ್ಟಿ ಸೂಕ್ತ. ಕಟ್ಟಿನ ಮೇಲೆ ಸ್ವಲ್ಪ ಅಂತರದಲ್ಲಿ ಕೂರುವ ಈ ಪಟ್ಟಿ ಭಾರ ಹೆಚ್ಚಾದಾಗ ಮಾತ್ರ ಕೆಲಸಕ್ಕೆ ಇಳಿಯುತ್ತದೆ. ಖಾಲಿ ವಾಹನ ಮೊದಲಿನಂತೆಯೇ ಮೆದುವಾಗಿ ಓಡುತ್ತದೆ. ಗಾಳಿ ತುಂಬುವ ರಬ್ಬರ್ ಚೀಲಗಳನ್ನೂ ಮಾರುತ್ತಾರೆ. ಅವು ಹೊರೆಗೆ ತಕ್ಕಂತೆ ಹೊಂದಿಸಲು ಅನುಕೂಲ, ಆದರೆ ಚಾಸಿಯ ಒಂದೇ ಬಿಂದುವಿನ ಮೇಲೆ ಭಾರ ಹಾಕುತ್ತವೆ. ಹಳೆಯ, ತುಕ್ಕು ಹಿಡಿದ ಚಾಸಿಗೆ ಅವನ್ನು ನಾನು ಶಿಫಾರಸು ಮಾಡುವುದಿಲ್ಲ.

ನಿತ್ಯವೂ ಮಿತಿ ಮೀರಿ ಹೇರಲೇಬೇಕಾದ ಪರಿಸ್ಥಿತಿ ಇದ್ದವರಿಗೆ ಉತ್ತರ ಗ್ಯಾರೇಜಿನಲ್ಲಿಲ್ಲ. ದರ ಏರಿದಾಗ ಇನ್ನೊಂದು ಸಾಲು ಹೇರುವ ಆಸೆ ಸಹಜ. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕಿಲೋ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿದ್ದನ್ನು ಎಲ್ಲರೂ ನೋಡಿದ್ದೇವೆ. ದರ ಕುಸಿದಾಗ ಬಾಡಿಗೆ ಹಂಚಿಹೋಗಲೆಂದು ಮತ್ತೆ ಹೆಚ್ಚು ಹೇರುತ್ತೇವೆ. ಎರಡೂ ಸಂದರ್ಭಗಳಲ್ಲಿ ಪೆಟ್ಟು ತಿನ್ನುವುದು ಅದೇ ಚಾಸಿ. ಅಕ್ಕಪಕ್ಕದ ನಾಲ್ಕು ಬೆಳೆಗಾರರು ಸೇರಿ ದೊಡ್ಡ ವಾಹನ ಬಾಡಿಗೆಗೆ ಪಡೆಯುವುದನ್ನು, ರೈತ ಉತ್ಪಾದಕರ ಸಂಸ್ಥೆಯ ಮೂಲಕ ಸಾಗಣೆ ಹೊಂದಿಸುವುದನ್ನು ಲೆಕ್ಕ ಹಾಕಿ ನೋಡಬಹುದು.

ಕಾನೂನಿನ ಅಂಶ

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. 2019ರ ತಿದ್ದುಪಡಿಯ ನಂತರ, ಮಿತಿ ಮೀರಿದ ಹೊರೆಗೆ ಕಾಯ್ದೆಯಲ್ಲಿರುವ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ. ಹೆಚ್ಚುವರಿ ಹೊರೆ ಇಳಿಸುವ ವೆಚ್ಚವೂ ಮಾಲೀಕರದೇ. ಅನುಮತಿಯಿಲ್ಲದ ಮಾರ್ಪಾಡಿಗೆ ಪ್ರತಿಯೊಂದಕ್ಕೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡನ್ನೂ ವಿಧಿಸಬಹುದು. ಅಪಘಾತವಾದಾಗ ವಿಮಾ ಕಂಪನಿ ಮೊದಲು ಪ್ರಶ್ನಿಸುವುದೂ ಇವೆರಡನ್ನೇ. ಅದೇ ಮಾದರಿಯ ಬಿಡಿಭಾಗಗಳಿಂದ ಮಾಡಿಸಿದ ದುರಸ್ತಿಗೆ ಈ ತೊಡಕಿಲ್ಲ. ಬಿಲ್ಲುಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿರಿ.

ಕೆಲಸ ಮಾಡಿಸಿದ ಮೇಲೆ

ಹೊಸ ಕಮಾನು ಕೂರಿಸಿದಾಗ ಹಳೆಯ ಯು ಬೋಲ್ಟುಗಳನ್ನು ಮತ್ತೆ ಬಳಸಬಾರದು. ಒಮ್ಮೆ ಬಿಗಿದು ಹಿಗ್ಗಿದ ಬೋಲ್ಟು ಎರಡನೇ ಬಾರಿ ಅಷ್ಟೇ ಹಿಡಿತ ಕೊಡುವುದಿಲ್ಲ. ಯು ಬೋಲ್ಟು ಸಡಿಲವಾದರೆ ಸೆಂಟರ್ ಬೋಲ್ಟು ತುಂಡಾಗಿ ಆಕ್ಸಲ್ ಜಾಗ ಬಿಟ್ಟು ಸರಿಯುತ್ತದೆ. ಆದ್ದರಿಂದ ಹೊರೆ ಸಹಿತ ಓಡಿಸಿದ ಮೊದಲ ದಿನ ಒಮ್ಮೆ, 500 ಕಿಲೋಮೀಟರ್ ಆದ ನಂತರ ಮತ್ತೊಮ್ಮೆ, ಟಾರ್ಕ್ ಸ್ಪ್ಯಾನರ್‌ನಿಂದ ತಯಾರಕರು ಸೂಚಿಸಿದ ಅಳತೆಗೆ ಬಿಗಿಸಬೇಕು. ಹೆಡ್‌ಲೈಟಿನ ಎತ್ತರವನ್ನೂ ಹೊಂದಿಸಿಕೊಳ್ಳಿರಿ.

ಬಾಕ್ಸ್ ಹೇರುವಾಗ ಭಾರವನ್ನು ಕ್ಯಾಬಿನ್ ಕಡೆಯಿಂದ ಆರಂಭಿಸಿ, ಎರಡೂ ಬದಿಗೆ ಸಮನಾಗಿ ಹಂಚಬೇಕು. ಬಾಕ್ಸಿನ ಅಂಚಿಗಿಂತ ಮೇಲೆ ಹಣ್ಣು ಉಬ್ಬಿರಬಾರದು. ಉಬ್ಬಿದರೆ ಮೇಲಿನ ಬಾಕ್ಸು ಅಂಚಿನ ಮೇಲೆ ಕೂರದೆ ಹಣ್ಣಿನ ಮೇಲೆ ಕೂರುತ್ತದೆ. ದೂರದ ಮಾರುಕಟ್ಟೆಗಾದರೆ ಬಣ್ಣ ತಿರುಗುವ ಹಂತದಲ್ಲಿಯೇ ಕೊಯ್ಲು ಮಾಡಿರಿ, ಪೂರ್ಣ ಕೆಂಪಾದ ಹಣ್ಣು ಯಾವ ಕಮಾನಿನ ಮೇಲೂ ಹೆಚ್ಚು ದೂರ ತಡೆಯುವುದಿಲ್ಲ.

ವಿಸ್ತರಣಾ ಕಾರ್ಯಕರ್ತರು ಕೊಯ್ಲಿಗೆ ಮುನ್ನ ಗ್ರಾಮದ ನಾಲ್ಕೈದು ಪಿಕಪ್‌ಗಳನ್ನು ಎಂದಿನ ಹೊರೆಯೊಂದಿಗೆ ವೇಬ್ರಿಜ್‌ಗೆ ಕರೆದೊಯ್ದು, ಒಟ್ಟು ತೂಕ ಮತ್ತು ಹಿಂದಿನ ಆಕ್ಸಲ್ ತೂಕವನ್ನು ಮಾಲೀಕರ ಎದುರಿನಲ್ಲಿಯೇ ಬರೆದು ಕೊಡುವುದು ಸೂಕ್ತ. ಅದೇ ಚೀಟಿಯ ಹಿಂಬದಿಯಲ್ಲಿ ನೋಂದಣಿ ಪತ್ರದ ಎರಡು ಅಂಕಿಗಳನ್ನೂ ಟೈರಿನ ಸೂಚ್ಯಂಕವನ್ನೂ ಬರೆದು, ಎಷ್ಟು ಬಾಕ್ಸ್ ಎಂದು ಲೆಕ್ಕ ಮಾಡಿ ಕ್ಯಾಬಿನ್ ಒಳಗೆ ಅಂಟಿಸಲು ತಿಳಿಸಿರಿ.